ಸಾನ್ ಜೊವಾನಿ ರೊತೊಂದೊ: ಸಂತ ಬೇಡ ಅಂದಿದ್ದನ್ನೇ ಮಾರುವ ಊರು

ಐದಕ್ಕೆ ಮೂರೂವರೆ ಸ್ಟಾರ್. ಐದೂ ಯಾಕೆ ಕೊಡಲಿಲ್ಲ, ಒಂದಕ್ಕೇ ಯಾಕೆ ಇಳಿಸಲಿಲ್ಲ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ಪುರುಸೊತ್ತಿದ್ದರೆ ಓದಿ.

ಇದು ದಕ್ಷಿಣ ಇಟಲಿಯ ಪುಲ್ಯಾ ಪ್ರಾಂತ್ಯದಲ್ಲಿ, ಗಾರ್ಗಾನೊ ಬೆಟ್ಟಸಾಲಿನ ಮೇಲಿರುವ ಊರು. ನೂರು ವರ್ಷದ ಹಿಂದೆ ಇಲ್ಲಿ ಕಲ್ಲು, ಕುರಿ, ಬಡತನ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈಗ ಯುರೋಪಿನ ದೊಡ್ಡ ಯಾತ್ರಾಸ್ಥಳಗಳಲ್ಲಿ ಇದೂ ಒಂದು. ಅದಕ್ಕೆ ಕಾರಣ ಒಬ್ಬರೇ ಮನುಷ್ಯ, ಕ್ಯಾಥೊಲಿಕ್ ಸನ್ಯಾಸಿ ಪಾದ್ರೆ ಪಿಯೋ. ಮಂಗಳೂರು, ಉಡುಪಿ ಕಡೆ ಕ್ರೈಸ್ತ ಗೆಳೆಯರ ಮನೆಗೆ ಹೋಗಿ ಬಂದವರು ಇವರ ಫೋಟೊ ನೋಡಿರುತ್ತೀರಿ. ಬಿಳಿ ಗಡ್ಡ, ಕಂದು ನಿಲುವಂಗಿ, ಬೆರಳು ಮಾತ್ರ ಹೊರಗೆ ಕಾಣುವ ಕೈಗವಸು. ಅವರು ಸೇರಿದ್ದ ಕಪುಚಿನ್ ಎಂಬ ಸನ್ಯಾಸಿಗಳ ಸಭೆ ನಮ್ಮ ಕರ್ನಾಟಕದಲ್ಲೂ ಇದೆ.

ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ. ಹೋಗಿದ್ದು ಗೆಳೆಯನ ಅಮ್ಮನ ಜೊತೆ. ಮಂಗಳೂರಿನವರು, ನಾವೆಲ್ಲ ಆಂಟಿ ಅಂತ ಕರೆಯುತ್ತೇವೆ. ಮಗನನ್ನು ನೋಡಲು ಯುರೋಪಿಗೆ ಬಂದಿದ್ದ ಅವರಿಗೆ ಪ್ಯಾರಿಸ್ ಬೇಡ, ಸ್ವಿಟ್ಜರ್‌ಲ್ಯಾಂಡ್ ಬೇಡ, ಪಾದ್ರೆ ಪಿಯೋ ಊರು ತೋರಿಸಿದರೆ ಸಾಕು ಅಂದರು. ಹಾಗಾಗಿ ಈ ವಿಮರ್ಶೆಯಲ್ಲಿ ನಂಬುವವರ ಕಣ್ಣೂ ಇದೆ, ನಂಬದವನ ಕಣ್ಣೂ ಇದೆ. ವಿಚಿತ್ರ ಅಂದರೆ, ಇಷ್ಟವಾಗಿದ್ದು ಯಾವುದು, ಆಗದೇ ಇದ್ದದ್ದು ಯಾವುದು ಅನ್ನುವುದರಲ್ಲಿ ನಮ್ಮಿಬ್ಬರ ಪಟ್ಟಿ ಹೆಚ್ಚುಕಮ್ಮಿ ಒಂದೇ ಆಯಿತು.

ಮೊದಲು ಆ ಮನುಷ್ಯನ ಕತೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಇಲ್ಲಿನ ಅಂಗಡಿ ಸಾಲು ನೋಡಿ ನನಗೆ ಯಾಕೆ ಸಿಟ್ಟು ಬಂತು ಅಂತ ಅರ್ಥವಾಗುವುದಿಲ್ಲ.

ಹುಟ್ಟಿದ್ದು 1887ರಲ್ಲಿ, ಬೆನೆವೆಂತೊ ಹತ್ತಿರದ ಪಿಯೆತ್ರೆಲ್ಚೀನಾ ಎಂಬ ಹಳ್ಳಿಯಲ್ಲಿ. ರೈತರ ಮನೆ ಹುಡುಗ. ಸದಾ ಒಂದಲ್ಲ ಒಂದು ಕಾಯಿಲೆ. 1916ರಲ್ಲಿ ಈ ಬೆಟ್ಟದ ಮಠಕ್ಕೆ ಬಂದರು. 1918ರ ಸೆಪ್ಟೆಂಬರ್ 20ರಂದು ಬೆಳಗಿನ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಮುಗಿಸಿ ಪ್ರಾರ್ಥನೆಯಲ್ಲಿದ್ದಾಗ ಅಂಗೈ, ಪಾದ, ಪಕ್ಕೆಯಲ್ಲಿ ಗಾಯಗಳಾಗಿ ರಕ್ತ ಬಂತು ಎನ್ನುವುದು ಅವರೇ ಬರೆದದ್ದು. ಕ್ರೈಸ್ತರು ಪಂಚಗಾಯ ಅನ್ನುತ್ತಾರಲ್ಲ, ಯೇಸುವಿಗೆ ಶಿಲುಬೆಯ ಮೇಲಾದ ಗಾಯಗಳು, ಅದೇ. ಅದಾದ ಒಂದು ತಿಂಗಳಿಗೆ ತಮ್ಮ ಗುರುಗಳಿಗೆ ಬರೆದ ಪತ್ರ ಉಳಿದಿದೆ. ಅದರಲ್ಲಿ ಅವರು ಕೇಳಿಕೊಳ್ಳುವುದು ಒಂದೇ. ನೋವು ಇದ್ದರೆ ಇರಲಿ, ಈ ಹೊರಗೆ ಕಾಣುವ ಗುರುತು ಮಾತ್ರ ಹೋಗಲಿ, ನಾಚಿಕೆಯಿಂದ ತಲೆ ಎತ್ತಲು ಆಗುತ್ತಿಲ್ಲ. ಕೈಗವಸು ಬಂದದ್ದು ಹಾಗೆ. ತೋರಿಸಲಿಕ್ಕಲ್ಲ, ಮುಚ್ಚಲಿಕ್ಕೆ.

ಮುಚ್ಚಿದ್ದು ಮುಚ್ಚಿಯೇ ಉಳಿಯಲಿಲ್ಲ. 1919ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು, ಬೆಟ್ಟದ ದಾರಿ ತುಂಬಿತು. ಯುದ್ಧ ಮುಗಿದಿತ್ತು, ಇನ್‌ಫ್ಲುಯೆಂಜಾ ಜ್ವರ ಜನರನ್ನು ಕೊಂದು ಹಾಕಿತ್ತು, ಆಸರೆ ಹುಡುಕುವ ಮನೆಗಳಿಗೆ ಲೆಕ್ಕವಿರಲಿಲ್ಲ. ಕುರುಡು, ಕುಂಟು, ಕ್ಷಯ ಎಲ್ಲಕ್ಕೂ ಈತ ಮುಟ್ಟಿದರೆ ಸಾಕು ಅನ್ನುವ ನಂಬಿಕೆ ಹಬ್ಬಿತು. ಡಾಕ್ಟರುಗಳು ಬಂದು ನೋಡಿದರು, ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಸ್ವತಃ ವೈದ್ಯರೂ ಫ್ರಾನ್ಸಿಸ್ಕನ್ ಪಾದ್ರಿಯೂ ಆಗಿದ್ದ ಅಗೊಸ್ತಿನೊ ಜೆಮೆಲ್ಲಿ 1920ರಲ್ಲಿ ಬಂದು ಹೋದವರು ಇದು ಮನಸ್ಸಿನ ಕಾಯಿಲೆ ಎಂಬ ಅಭಿಪ್ರಾಯಕ್ಕೆ ಬಂದರು. ಪಾದ್ರೆ ಪಿಯೋ ಗುಟ್ಟಾಗಿ ಚರ್ಮ ಸುಡುವ ಕಾರ್ಬಾಲಿಕ್ ಆಸಿಡ್ ತರಿಸಿಕೊಳ್ಳಲು ಕೇಳಿದ್ದರು ಎಂದು ಔಷಧಿ ಅಂಗಡಿಯವರೊಬ್ಬರು ಕೊಟ್ಟ ಹೇಳಿಕೆಯೂ ವ್ಯಾಟಿಕನ್ ಕಡತದಲ್ಲಿದೆ. ಇಂಜೆಕ್ಷನ್ ಸೂಜಿ ಶುದ್ಧ ಮಾಡಲು ಅಂತ ಅವರ ಕಡೆಯವರ ಉತ್ತರ. ಯಾವುದು ನಿಜ ಅಂತ ತೀರ್ಮಾನ ಮಾಡಲು ನಾನು ಯಾರು? ಆದರೆ ಊರಿನ ಮ್ಯೂಸಿಯಂ ನೋಡಿ ಹೊರಬರುವ ಹೊತ್ತಿಗೆ ಹೀಗೊಂದು ಜಗಳ ಇತ್ತು ಅನ್ನುವ ಅಂದಾಜು ನಿಮಗೆ ಸಿಗಬೇಕಿತ್ತು, ಸಿಗುವುದಿಲ್ಲ. ಅದಕ್ಕೆ ಅರ್ಧ ಸ್ಟಾರ್ ಕಟ್.

ಈಗ ಊರಿಗೆ ಬರೋಣ. ರೋಮ್‌ನಿಂದ ಫೊಜ್ಜಾಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಫೊಜ್ಜಾದಿಂದ ಸುಮಾರು 40 ಕಿಲೋಮೀಟರ್ ಬಸ್. ಬಯಲು ಮುಗಿದು ಬೆಟ್ಟ ಏರುವಾಗ ಆಲಿವ್ ತೋಟ, ಸುಣ್ಣದ ಕಲ್ಲು, ದೂರದಲ್ಲಿ ಸಮುದ್ರದ ಗೆರೆ. ಪ್ರಯಾಣ ಚೆನ್ನಾಗಿದೆ. ಭಾನುವಾರ ಬಸ್ ಕಮ್ಮಿ, ನೋಡಿಕೊಂಡು ಹೊರಡಿ. ಪ್ಯಾಕೇಜ್ ಟೂರ್‌ನವರು ರೋಮ್‌ನಿಂದ ಒಂದೇ ದಿನದಲ್ಲಿ ಕರೆದುಕೊಂಡು ಬಂದು ಓಡಿಸಿಕೊಂಡು ಹೋಗುತ್ತಾರೆ. ವಯಸ್ಸಾದವರನ್ನು ಅದಕ್ಕೆ ಹತ್ತಿಸಬೇಡಿ. ರಾತ್ರಿ ಉಳಿಯುವುದೇ ಒಳ್ಳೆಯದು, ಬೆಳಿಗ್ಗೆ ಬೇಗ ಎದ್ದರೆ ಗದ್ದಲ ಇರುವುದಿಲ್ಲ.

ಉಳಿಯಲು ಜಾಗಕ್ಕೇನೂ ಕೊರತೆ ಇಲ್ಲ. ಕೊರತೆ ಇರುವುದು ಗಿರಾಕಿಗಳಿಗೆ ಅಂತ ಕಾಣುತ್ತದೆ. 2000ದ ಕ್ಯಾಥೊಲಿಕ್ ಜುಬಿಲಿ ವರ್ಷದ ಆಸುಪಾಸಿನಲ್ಲಿ ಕಂಡಕಂಡ ಕಡೆ ಹೋಟೆಲ್ ಎದ್ದವು. ಬೇಸಿಗೆ ಮತ್ತು ಸೆಪ್ಟೆಂಬರ್ ಬಿಟ್ಟರೆ ಅರ್ಧಕ್ಕರ್ಧ ಕಿಟಕಿ ಮುಚ್ಚಿಯೇ ಇರುತ್ತವೆ. ನಾವು ಇಳಿದದ್ದು ಅಂಥದ್ದೇ ಒಂದರಲ್ಲಿ, ಹೆಸರು ಬೇಡ. ರೂಮು ಸ್ವಚ್ಛ, ಹಾಸಿಗೆ ಪರವಾಗಿಲ್ಲ, ಗೋಡೆಯಲ್ಲಿ ಪಾದ್ರೆ ಪಿಯೋ, ಲಿಫ್ಟಿನಲ್ಲಿ ಪಾದ್ರೆ ಪಿಯೋ, ಸಕ್ಕರೆ ಪೊಟ್ಟಣದ ಮೇಲೂ ಪಾದ್ರೆ ಪಿಯೋ. ರಾತ್ರಿ ಊಟ ರೂಮಿನ ಬಾಡಿಗೆಯಲ್ಲೇ ಸೇರಿದೆ ಅಂತ ಹೇಳಿ, ಆಮೇಲೆ ನೀರಿಗೂ ಬ್ರೆಡ್ಡಿಗೂ ಬೇರೆ ಬಿಲ್ ಹಾಕಿದರು. ಆಂಟಿ ಬಿಲ್ ನೋಡಿ ಏನೂ ಹೇಳಲಿಲ್ಲ, ಗೋಡೆಯ ಫೋಟೊ ಕಡೆ ಒಮ್ಮೆ ನೋಡಿದರು ಅಷ್ಟೇ.

ಚರ್ಚಿಗೆ ಹೋಗುವ ರಸ್ತೆಯ ಹೆಸರು ವಿಯಾಲೆ ಕಪ್ಪುಚ್ಚೀನಿ. ಇಡೀ ರಸ್ತೆ ಅಂಗಡಿ. ಮಂತ್ರಾಲಯದ ರಥಬೀದಿ ನೋಡಿದವರಿಗೆ ಹೊಸದೇನೂ ಇಲ್ಲ, ಅಲ್ಲಿನ ತುಳಸಿಮಣಿ ಸರದ ಜಾಗದಲ್ಲಿ ಇಲ್ಲಿ ಜಪಮಾಲೆ. ಹೆಬ್ಬೆರಳಷ್ಟು ಗಾತ್ರದಿಂದ ಆಳೆತ್ತರದ ತನಕ ಮೂರ್ತಿಗಳು. ಕೀಚೈನ್, ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್, ಕ್ಯಾಲೆಂಡರ್, ರಾತ್ರಿ ಹೊಳೆಯುವ ಬೊಂಬೆ, ಕಾರಿನ ಕನ್ನಡಿಗೆ ನೇತು ಹಾಕುವುದು. ಗುಲಾಬಿ ವಾಸನೆಯ ಜಪಮಾಲೆಗೆ ಬೇಡಿಕೆ ಜಾಸ್ತಿ. ಪಾದ್ರೆ ಪಿಯೋ ಹತ್ತಿರ ಹೋದವರಿಗೆ, ಕೆಲವರಿಗೆ ಅವರು ದೂರದಲ್ಲಿದ್ದಾಗಲೂ, ಹೂವಿನ ಪರಿಮಳ ಬರುತ್ತಿತ್ತು ಎಂಬ ನಂಬಿಕೆ ಇದೆ, ಅದನ್ನೇ ಈಗ ಸೆಂಟ್ ಹಾಕಿ ಮಾರುತ್ತಾರೆ. ನಾನೊಂದು ಕೊಂಡೆ. ಪರಿಮಳ ಒಂದು ವಾರಕ್ಕೆ ಹೋಯಿತು, ಮಣಿಯ ಬಣ್ಣ ಕೈಗೆ ಹತ್ತಿತು. ಕೊಳ್ಳಲೇಬೇಕಿದ್ದರೆ ಮಠದವರೇ ನಡೆಸುವ ಅಂಗಡಿಯಲ್ಲಿ ಮರದ ಮಣಿಯದ್ದು ತಗೊಳ್ಳಿ. ಬೆಲೆ ಸ್ವಲ್ಪ ಹೆಚ್ಚು, ಬಾಳಿಕೆಯೂ ಹೆಚ್ಚು.

ವ್ಯಾಪಾರ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾತ್ರಾಸ್ಥಳ ಅಂದಮೇಲೆ ಅಂಗಡಿ ಇರುತ್ತದೆ, ಅಂಗಡಿಯವರಿಗೂ ಹೊಟ್ಟೆ ಇದೆ. ನನ್ನನ್ನು ಕಾಡಿದ್ದು ಬೇರೆ. ಬದುಕಿದ್ದಾಗಲೇ ಈ ಮನುಷ್ಯನನ್ನು ಸುತ್ತಲಿನವರು ಹಿಂಡಿದ್ದು ಅಷ್ಟಿಷ್ಟಲ್ಲ. ಅವರ ಗಾಯದ ರಕ್ತ ಅಂತ ಹೇಳಿ ಕೋಳಿ ರಕ್ತ ಹಚ್ಚಿದ ಬಟ್ಟೆ ತುಂಡು ಮಾರಿದವರಿದ್ದರು ಎಂದು ಅವರ ಜೀವನ ಬರೆದ ಹಲವರು ಹೇಳುತ್ತಾರೆ. ಪೂಜೆ ಮುಗಿಸಿ ಬರುವಾಗ ಅವರ ನಿಲುವಂಗಿಯ ಅಂಚನ್ನೇ ಕತ್ತರಿಯಿಂದ ಕತ್ತರಿಸಿಕೊಳ್ಳುವ ಭಕ್ತೆಯರು. ಅವರ ಹೆಸರು ಹೇಳಿಕೊಂಡು ದೊಡ್ಡವರ ಮನೆ ಬಾಗಿಲು ತಟ್ಟುವ ದಲ್ಲಾಳಿಗಳು. ಇಂಥವರನ್ನು ಕಂಡರೆ ಅವರು ಗದರುತ್ತಿದ್ದರು, ಬೈಯುತ್ತಿದ್ದರು. ಪಾಪನಿವೇದನೆಗೆ, ಅಂದರೆ ಪಾದ್ರಿಯ ಹತ್ತಿರ ತಪ್ಪು ಒಪ್ಪಿಕೊಳ್ಳಲು, ಬರೀ ಕುತೂಹಲಕ್ಕೆ ಬಂದವರನ್ನು ಎಬ್ಬಿಸಿ ಕಳಿಸುತ್ತಿದ್ದರು. ಮುಂಗೋಪಿ ಸಂತ. ನನಗೆ ಇಷ್ಟವಾದದ್ದೇ ಆ ಕೋಪ.

ಊರಿನವರೂ ಕಮ್ಮಿ ಇಲ್ಲ. 1923ರಲ್ಲಿ ಇವರನ್ನು ಬೇರೆ ಮಠಕ್ಕೆ ವರ್ಗ ಮಾಡುತ್ತಾರಂತೆ ಅಂತ ಸುದ್ದಿ ಬಂತು. ಊರಿಗೆ ಊರೇ ಎದ್ದು ನಿಂತಿತು. ಸಾವಿರಾರು ಜನ ಮಠದ ಮುಂದೆ ಜಮಾಯಿಸಿದರು, ಕೈಯಲ್ಲಿ ಆಯುಧ ಹಿಡಿದವರು ರಾತ್ರಿ ಕಾವಲು ಕೂತರು. ಗಲಾಟೆಗೆ ಹೆದರಿ ಮೇಲಿನವರು ವರ್ಗಾವಣೆ ಕೈಬಿಟ್ಟರು. ಪ್ರೀತಿ ಅನ್ನಿ, ಸರಿ. ಆದರೆ ಹೋಗು ಅಂದರೆ ಹೋಗಲು ತಯಾರಿದ್ದ ಸನ್ಯಾಸಿಯನ್ನು ಹೋಗದಂತೆ ಕೂಡಿ ಹಾಕಿದ್ದೂ ಅದೇ ಪ್ರೀತಿ. ಅವರು ಹೋದರೆ ಬಸ್ಸು ಬರುವುದಿಲ್ಲ, ಅಂಗಡಿ ನಡೆಯುವುದಿಲ್ಲ ಅನ್ನುವುದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು.

ಇನ್ನೊಂದು ಕಡೆಯಿಂದ ಚರ್ಚಿನದೇ ಕಾಟ. 1923ರಲ್ಲೇ ವ್ಯಾಟಿಕನ್ ಈ ಘಟನೆಗಳಲ್ಲಿ ಅಲೌಕಿಕವಾದದ್ದು ಇದೆ ಅನ್ನುವುದು ಸಾಬೀತಾಗಿಲ್ಲ ಎಂದು ಘೋಷಿಸಿತು. 1931ರಿಂದ 1933ರವರೆಗೆ ಜನರ ಮುಂದೆ ಬಲಿಪೂಜೆ ಮಾಡುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಒಳಗಿನ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿ ಒಬ್ಬರೇ. 1960ರಲ್ಲಿ ಮತ್ತೆ ವಿಚಾರಣೆ. ಅದೇ ಹೊತ್ತಿನಲ್ಲಿ ಅವರ ಮಾತುಕತೆ ಕೇಳಲು ಗುಟ್ಟಾಗಿ ಮೈಕ್ ಇಟ್ಟಿದ್ದರು. ಅವರು ಬದುಕಿದ್ದಾಗಲೇ, ಅವರದೇ ಮಠದಲ್ಲಿ. ಮುಂದೆ ಅದೇ ಚರ್ಚ್ 2002ರ ಜೂನ್ 16ರಂದು ಸಂತ ಪದವಿ ಕೊಟ್ಟಿತು. ಮ್ಯೂಸಿಯಂನಲ್ಲಿ ಪದವಿಯ ವಿಷಯ ದೊಡ್ಡದಾಗಿದೆ, ಮೈಕಿನ ವಿಷಯ ಹುಡುಕಿದರೂ ನನ್ನ ಕಣ್ಣಿಗೆ ಬೀಳಲಿಲ್ಲ.

ನೋಡಲೇಬೇಕಾದದ್ದು ಹಳೆಯ ಪುಟ್ಟ ಚರ್ಚು, ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ. ಅದಕ್ಕೆ ಅಂಟಿಕೊಂಡೇ 1959ರಲ್ಲಿ ದೊಡ್ಡ ಚರ್ಚು ಕಟ್ಟಿದ್ದಾರೆ, ಜನ ನೇರ ಅದಕ್ಕೇ ನುಗ್ಗುತ್ತಾರೆ. ನೀವು ಪಕ್ಕದ ಸಣ್ಣದಕ್ಕೆ ಹೋಗಿ. ತಗ್ಗಾದ ಸೂರು, ಹತ್ತಾರು ಬೆಂಚು, ಅವರು ಕೂತು ಹೆಂಗಸರ ಪಾಪನಿವೇದನೆ ಕೇಳುತ್ತಿದ್ದ ಮರದ ಗೂಡು. ಎಷ್ಟು ಜನ ಬರುತ್ತಿದ್ದರೆಂದರೆ 1950ರಿಂದ ಪಾಪನಿವೇದನೆಗೂ ನಂಬರ್ ಚೀಟಿ ಕೊಡಬೇಕಾಯಿತು. ಸರದಿ ಬರಲು ದಿನಗಟ್ಟಲೆ ಊರಲ್ಲೇ ಬಿಡಾರ ಹೂಡಬೇಕಿತ್ತು. ಆ ಕಾಯುವವರಿಂದಲೇ ಊರಿನ ಮೊದಲ ಹೋಟೆಲುಗಳು ಬದುಕಿದ್ದು. ಒಳಗೆ ಅವರ ಕೋಣೆ ಗಾಜಿನಾಚೆ ಕಾಣುತ್ತದೆ. ಕಬ್ಬಿಣದ ಮಂಚ, ಒಂದು ಕುರ್ಚಿ, ಪುಸ್ತಕ, ಔಷಧಿ. 1968ರ ಸೆಪ್ಟೆಂಬರ್ 23ರ ನಸುಕಿಗೆ ತೀರಿಕೊಂಡದ್ದು ಇಲ್ಲೇ, 81ನೇ ವಯಸ್ಸಿನಲ್ಲಿ. ಆಗ ಗಾಯಗಳ ಗುರುತೇ ಇರಲಿಲ್ಲ, ಚರ್ಮ ನುಣ್ಣಗಿತ್ತು ಅನ್ನುತ್ತಾರೆ. ನಂಬುವವರು ಅದನ್ನೂ ಪವಾಡ ಅನ್ನುತ್ತಾರೆ, ನಂಬದವರು ಅದನ್ನೇ ಅನುಮಾನಕ್ಕೆ ಕಾರಣ ಮಾಡುತ್ತಾರೆ. ನನಗೆ ಅನ್ನಿಸಿದ್ದು ಇಷ್ಟೇ, ಹೊರಗಿನ ಗುರುತು ಹೋಗಲಿ ಅಂತ ಐವತ್ತು ವರ್ಷ ಹಿಂದೆ ಕೇಳಿದ್ದು ಕೊನೆಗಾದರೂ ಸಿಕ್ಕಿತು.

ಆಂಟಿ ಇಲ್ಲಿ ಬಹಳ ಹೊತ್ತು ಕೂತರು. ನಾನು ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತೆ. ಯಾರೂ ಎಬ್ಬಿಸಲಿಲ್ಲ, ಮುಂದೆ ಹೋಗಿ ಅನ್ನಲಿಲ್ಲ, ಹುಂಡಿ ಅಲ್ಲಾಡಿಸಲಿಲ್ಲ. ಐದಕ್ಕೆ ಐದು, ಈ ಭಾಗಕ್ಕೆ.

ಹೊಸ ಚರ್ಚಿನ ಬಗ್ಗೆ ಎರಡು ಮಾತು. ರೆಂಜೊ ಪಿಯಾನೊ ಎಂಬ ಹೆಸರಾಂತ ವಾಸ್ತುಶಿಲ್ಪಿ ಕಟ್ಟಿದ್ದು, 2004ರಲ್ಲಿ ತೆರೆದದ್ದು. ಹತ್ತಿರದ ಅಪ್ರಿಚೇನಾದ ಕಲ್ಲಿನ ದೊಡ್ಡ ದೊಡ್ಡ ಕಮಾನುಗಳು ಸುರುಳಿಯಾಗಿ ಒಂದು ಕೇಂದ್ರದ ಕಡೆ ಇಳಿಯುತ್ತವೆ. ಆರೂವರೆ ಸಾವಿರ ಜನ ಒಳಗೆ ಕೂರಬಹುದು. ಕಟ್ಟಡವಾಗಿ ನೋಡಿದರೆ ಅದ್ಭುತ, ಕಂಬವೇ ಅಡ್ಡ ಬರುವುದಿಲ್ಲ, ಬೆಳಕು ಚೆನ್ನ. ವ್ಹೀಲ್‌ಚೇರ್‌ನಲ್ಲಿ ಬರುವವರಿಗೆ ಎಲ್ಲೂ ತೊಂದರೆ ಇಲ್ಲ, ಇಳಿಜಾರು ದಾರಿ ಎಲ್ಲ ಕಡೆ ಇದೆ, ಶೌಚಾಲಯ ಸ್ವಚ್ಛ. ನಮ್ಮ ದೊಡ್ಡ ದೇವಸ್ಥಾನಗಳ ಆಡಳಿತ ಮಂಡಳಿಯವರು ಒಮ್ಮೆ ಬಂದು ಇದನ್ನಾದರೂ ನೋಡಿಕೊಂಡು ಹೋಗಬೇಕು.

ಆದರೆ ಕೆಳಗಿನ ನೆಲಮಾಳಿಗೆ? ಅಲ್ಲಿ ನನಗೆ ಉಸಿರು ಕಟ್ಟಿತು. ಇಳಿಯುವ ದಾರಿಯ ಉದ್ದಕ್ಕೂ ಗೋಡೆಯಲ್ಲಿ ಮೊಸಾಯಿಕ್ ಚಿತ್ರಗಳು, ಕೆಳಗೆ ಹೋದರೆ ಮಾಡಿನ ತುಂಬ ಚಿನ್ನದ ಬಣ್ಣ ಥಳಥಳ. ಬಡತನದ ವ್ರತ ತೊಟ್ಟು, ತೇಪೆ ಹಾಕಿದ ಅಂಗಿಯಲ್ಲಿ ಬದುಕಿದವರನ್ನು ತಂದು ಇಲ್ಲಿ ಮಲಗಿಸಿದ್ದಾರೆ. "ಎಂತ ಮಾರಾಯ ಇದು, ಚರ್ಚಾ, ಬಂಗಾರದ ಅಂಗಡಿಯಾ?" ಅಂದರು ಆಂಟಿ, ಮೆಲ್ಲಗೆ, ಕನ್ನಡದಲ್ಲಿ, ಯಾರಿಗೂ ತಿಳಿಯದು ಅನ್ನುವ ಧೈರ್ಯದಲ್ಲಿ. ಆ ಮೊಸಾಯಿಕ್ ಮಾಡಿದವರು ಮಾರ್ಕೊ ರುಪ್ನಿಕ್ ಎಂಬ ಪಾದ್ರಿ. ಹಲವು ಮಹಿಳೆಯರು ಅವರ ಮೇಲೆ ದೌರ್ಜನ್ಯದ ಆರೋಪ ಮಾಡಿದರು, 2023ರಲ್ಲಿ ಅವರಿದ್ದ ಜೆಸ್ವಿಟ್ ಪಾದ್ರಿಗಳ ಸಭೆ ಅವರನ್ನು ಹೊರಗೆ ಹಾಕಿತು. ಅದು ಗೊತ್ತಿದ್ದು ಆ ಗೋಡೆ ನೋಡುವುದು ಸುಲಭವಲ್ಲ.

ಶವ ಗಾಜಿನ ಪೆಟ್ಟಿಗೆಯಲ್ಲಿದೆ. 2008ರಲ್ಲಿ ಸಮಾಧಿ ತೆರೆದು ಹೊರತೆಗೆದರು. ಬೇಡ, ಮಲಗಿದವರನ್ನು ಎಬ್ಬಿಸಬೇಡಿ ಅಂತ ಭಕ್ತರದೇ ಒಂದು ಗುಂಪು ಜಗಳಕ್ಕೆ ನಿಂತಿತ್ತು, ಕೇಳಲಿಲ್ಲ. ಮುಖದ ಮೇಲೆ ಇರುವುದು ಲಂಡನ್ನಿನಲ್ಲಿ ಮಾಡಿಸಿದ ಸಿಲಿಕೋನ್ ಮುಖವಾಡ. ನೋಡಿದವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ. ನಮ್ಮ ಮುಂದಿದ್ದ ಹೆಂಗಸು ಗಾಜಿಗೆ ಕೈಯಿಟ್ಟು "ನಿದ್ದೆ ಮಾಡುತ್ತಿದ್ದಾರೆ" ಅಂತ ಮಗುವಿಗೆ ಹೇಳುತ್ತಿದ್ದರು. ನಾನು ಏನೂ ಅನ್ನಲಿಲ್ಲ. ಆದರೆ ಅದು ಮುಖವಾಡ ಅಂತ ಅಲ್ಲೇ ಎದ್ದು ಕಾಣುವ ಹಾಗೆ ಒಂದು ಬೋರ್ಡ್ ಹಾಕಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಒಂದು ಪೂರ್ತಿ ಸ್ಟಾರ್ ಕಟ್.

ಈಗ ಅಸಲು ವಿಷಯ. ಚರ್ಚಿನ ಅಂಗಳದಿಂದ ನೋಡಿದರೆ ಎಡಕ್ಕೋ ಬಲಕ್ಕೋ ಎಲ್ಲಿ ನಿಂತರೂ ಕಣ್ಣಿಗೆ ಬೀಳುವ ಒಂದು ಬಿಳಿ ಕಟ್ಟಡ ಇದೆ, ಬಹಳ ದೊಡ್ಡದು. ಟೂರಿಸ್ಟ್‌ಗಳು ಅದನ್ನು ಇನ್ನೊಂದು ಹೋಟೆಲ್ ಅಂದುಕೊಂಡು ಮುಂದೆ ಹೋಗುತ್ತಾರೆ. ಅದು ಆಸ್ಪತ್ರೆ. ಕಾಸಾ ಸೊಲ್ಲಿಯೆವೊ ದೆಲ್ಲಾ ಸೊಫೆರೆಂಝಾ, ಅಂದರೆ ನೋವು ತಗ್ಗಿಸುವ ಮನೆ. ಪಾದ್ರೆ ಪಿಯೋ ಬಾಯಿಬಿಟ್ಟು ಕೇಳಿ ಕಟ್ಟಿಸಿದ್ದು ಇದನ್ನು.

ಯೋಚನೆ ಮಾಡಿ. ಮುಟ್ಟಿದರೆ ರೋಗ ಹೋಗುತ್ತದೆ ಅಂತ ದೇಶಕ್ಕೆ ದೇಶವೇ ನಂಬಿ ಬಾಗಿಲಲ್ಲಿ ನಿಂತಿದೆ. ಆ ಮನುಷ್ಯ ಏನು ಮಾಡಿದರು? ಬಂದ ಕಾಣಿಕೆಯಿಂದ ಎಕ್ಸ್‌ರೇ, ಆಪರೇಷನ್ ಥಿಯೇಟರ್, ಓದಿದ ಡಾಕ್ಟರುಗಳು ಇರುವ ಆಸ್ಪತ್ರೆ ಕಟ್ಟಿದರು. 1940ರ ಜನವರಿಯಲ್ಲಿ ಕೆಲವು ಗೆಳೆಯರನ್ನು ಕೂರಿಸಿಕೊಂಡು ವಿಷಯ ಎತ್ತಿದರು. ಯುದ್ಧ ಅಡ್ಡ ಬಂತು. ಕೆಲಸ ಶುರುವಾದದ್ದು 1947ರಲ್ಲಿ. ಬೋಳು ಬೆಟ್ಟ, ನೀರಿಲ್ಲ, ರಸ್ತೆ ನೆಟ್ಟಗಿಲ್ಲ. ಯುದ್ಧದ ನಂತರ ಯುರೋಪಿಗೆ ನೆರವು ಕೊಡುತ್ತಿದ್ದ ಉನ್ರಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿಂದ 25 ಕೋಟಿ ಲೀರಾ ಬಂತು. ಅದರ ಮುಖ್ಯಸ್ಥರಾಗಿದ್ದ ಲಾ ಗಾರ್ಡಿಯಾ, ಹೌದು, ನ್ಯೂಯಾರ್ಕಿನ ವಿಮಾನ ನಿಲ್ದಾಣಕ್ಕೆ ಹೆಸರು ಕೊಟ್ಟವರೇ, ಅವರ ತಂದೆ ಇದೇ ಫೊಜ್ಜಾ ಕಡೆಯವರು. ಉಳಿದದ್ದು ಜನರ ಚಿಲ್ಲರೆ ಕಾಸು. 1956ರ ಮೇ 5ರಂದು ಬಾಗಿಲು ತೆರೆಯಿತು. ಹಣ ಹರಿದು ಬಂದದ್ದೇ ತಡ, ಅದರ ಮೇಲೂ ಕಣ್ಣು ಬಿತ್ತು. 1958ರಲ್ಲಿ ಜ್ಯುಫ್ರೆ ಎಂಬ ಲೇವಾದೇವಿಗಾರ ಮುಳುಗಿದ. ಭಾರೀ ಬಡ್ಡಿ ಆಸೆಗೆ ಅವನಲ್ಲಿ ದುಡ್ಡು ಹೂಡಿದ್ದ ಕಪುಚಿನ್ ಮಠಗಳೂ ಮುಳುಗಿದವು. ಆಸ್ಪತ್ರೆಗೆ ಬರುತ್ತಿದ್ದ ಕಾಣಿಕೆ ಯಾರ ಕೈಯಲ್ಲಿರಬೇಕು ಅನ್ನುವ ಎಳೆದಾಟಕ್ಕೂ 1960ರ ಆ ವಿಚಾರಣೆಗೂ ನಂಟಿದೆ ಎಂದು ಅನೇಕರು ಬರೆದಿದ್ದಾರೆ. ಕೊನೆಗೆ ಅವರು ಆಸ್ಪತ್ರೆಯನ್ನು ವ್ಯಾಟಿಕನ್‌ಗೇ ಬರೆದುಕೊಟ್ಟರು, ಇವತ್ತಿಗೂ ಅದರದೇ.

ಈಗ ಅದು ದಕ್ಷಿಣ ಇಟಲಿಯ ದೊಡ್ಡ ಆಸ್ಪತ್ರೆಗಳಲ್ಲೊಂದು. ಆನುವಂಶಿಕ ಕಾಯಿಲೆಗಳ ಸಂಶೋಧನೆಗೆ ಹೆಸರುವಾಸಿ. ಸಂಜೆ ಅಲ್ಲಿಯ ಬಾಗಿಲ ಬಳಿ ನಿಂತರೆ ನಿಮಗೆ ಇನ್ನೊಂದು ಊರು ಕಾಣುತ್ತದೆ. ಡ್ಯೂಟಿ ಮುಗಿಸಿ ಬೀಡಿ ಬದಲು ಸಿಗರೇಟು ಹಚ್ಚುವ ವಾರ್ಡ್ ಹುಡುಗರು, ರಿಪೋರ್ಟ್ ಹಿಡಿದು ಫೋನಿನಲ್ಲಿ ಅಳುವವರು, ಟಿಫಿನ್ ಡಬ್ಬಿ ತಂದ ಮನೆಯವರು. ಇಲ್ಲಿ ಯಾರೂ ನಿಮಗೆ ಮೂರ್ತಿ ಮಾರುವುದಿಲ್ಲ. ಒಳಗೆ ಸುಮ್ಮನೆ ತಿರುಗಲು ಹೋಗಬೇಡಿ, ರೋಗಿಗಳಿರುವ ಜಾಗ.

ಅವರಿಗೆ ಸಂತ ಪದವಿ ಕೊಡಲು ಚರ್ಚು ಒಪ್ಪಿದ ಪವಾಡ ನಡೆದದ್ದೂ ಈ ಆಸ್ಪತ್ರೆಯಲ್ಲೇ. 2000ದ ಜನವರಿಯಲ್ಲಿ ಏಳು ವರ್ಷದ ಹುಡುಗನೊಬ್ಬ ಮೆದುಳು ಜ್ವರದಿಂದ ಕೋಮಾಕ್ಕೆ ಹೋಗಿ ಐಸಿಯುನಲ್ಲಿದ್ದ. ಅಪ್ಪ ಇಲ್ಲಿಯದೇ ಡಾಕ್ಟರು. ಒಂದೊಂದೇ ಅಂಗ ಸೋಲುತ್ತಾ ಬಂತು, ಆಸೆ ಬಿಟ್ಟ ಸ್ಥಿತಿ. ಅಮ್ಮ ಸಮಾಧಿಯ ಹತ್ತಿರ ಪ್ರಾರ್ಥನೆಗೆ ಕೂತರು. ಹುಡುಗ ಎದ್ದು ಕೂತ. ಪವಾಡ ಯಾರದ್ದು? ನನಗೆ ಕೇಳಿದರೆ ರಾತ್ರಿಯಿಡೀ ನಿದ್ದೆಗೆಟ್ಟ ಐಸಿಯು ನರ್ಸುಗಳದ್ದು ಅನ್ನುತ್ತೇನೆ. ಆಂಟಿಗೆ ಕೇಳಿದರೆ ಪಾದ್ರೆ ಪಿಯೋರದ್ದು. ಆದರೆ ಆ ಐಸಿಯು ಅಲ್ಲಿ ಇದ್ದದ್ದು ಯಾರಿಂದ ಅಂತ ಆಂಟಿ ತಿರುಗಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೆ ಚರ್ಚೆ ಮುಗಿಯಿತು, ಕಾಫಿ ಕುಡಿದೆವು.

ಈ ಕಾರಣಕ್ಕೇ ಹೇಳುತ್ತೇನೆ, ಮನೆಯಲ್ಲಿ ಯಾರಿಗಾದರೂ ಕಷ್ಟದ ಕಾಯಿಲೆ ಇದ್ದು, ಮಾತ್ರೆ, ಕೀಮೋ ಎಲ್ಲ ನಿಲ್ಲಿಸಿ ಇಲ್ಲಿಗೆ ಕರೆದುಕೊಂಡು ಬರುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಅದನ್ನು ಈ ಊರಿನ ಸಂತನೇ ಒಪ್ಪುತ್ತಿರಲಿಲ್ಲ. ಹಾಗೆಯೇ ಪಾದ್ರೆ ಪಿಯೋ ಹೆಸರಲ್ಲಿ ಎಣ್ಣೆ, ಬಟ್ಟೆ ತುಂಡು, "ರಕ್ತದ ಗುರುತು" ಅಂತ ಆನ್‌ಲೈನ್‌ನಲ್ಲಿ ಮಾರುವವರಿಂದ ಏನನ್ನೂ ಕೊಳ್ಳಬೇಡಿ. ಪವಿತ್ರ ಅವಶೇಷಗಳನ್ನು ಮಾರುವುದನ್ನು ಕ್ಯಾಥೊಲಿಕ್ ಚರ್ಚಿನ ಕಾನೂನೇ ನಿಷೇಧಿಸಿದೆ. ಮಾರುತ್ತಿದ್ದಾರೆ ಅಂದರೆ ಒಂದೋ ಸುಳ್ಳು, ಇಲ್ಲವೇ ತಪ್ಪು.

ಊಟದ ವಿಷಯ. ಹೋಟೆಲಿನ ಪ್ಯಾಕೇಜ್ ಊಟ ಬಿಟ್ಟು ಹಳೆ ಊರಿನ ಕಡೆ ನಡೆಯಿರಿ. ಯಾತ್ರಿಕರು ಅಲ್ಲಿಗೆ ಹೋಗುವುದೇ ಇಲ್ಲ, ಅದಕ್ಕೇ ಬೆಲೆ ಸರಿಯಾಗಿದೆ. ಸಸ್ಯಾಹಾರಿಗಳು ಫಾವೆ ಎ ಚಿಕೋರಿಯಾ ಕೇಳಿ. ಒಣಗಿಸಿದ ದಪ್ಪ ಬೀನ್ಸ್ ಕಾಳನ್ನು ಬೇಯಿಸಿ ನುಣ್ಣಗೆ ಮಾಡಿ, ಮೇಲೆ ಕಹಿ ಸೊಪ್ಪು, ಆಲಿವ್ ಎಣ್ಣೆ. ಜೊತೆಗೆ ದಪ್ಪ ಸಿಪ್ಪೆಯ ಬ್ರೆಡ್. ಖಾರ ಬೇಕಿದ್ದರೆ ಮೆಣಸಿನಕಾಯಿ ಎಣ್ಣೆ ಕೊಡುತ್ತಾರೆ. ಎರಡು ದಿನ ಪಾಸ್ತಾ ತಿಂದು ನಾಲಿಗೆ ಕೆಟ್ಟಿದ್ದ ನಮಗೆ ಜೀವ ಬಂತು. ಕ್ಯಾಚೊಕವಾಲ್ಲೊ ಎಂಬ ಚೀಸ್ ಈ ಬೆಟ್ಟದಲ್ಲೂ ಮಾಡುತ್ತಾರೆ, ರುಚಿ ನೋಡಿ.

ಸಮಯ ಇದ್ದರೆ ಚರ್ಚಿನ ಪಕ್ಕದ ಗುಡ್ಡಕ್ಕೆ ಹತ್ತಿ. ಪೈನ್ ಮರಗಳ ನಡುವೆ ಶಿಲುಬೆ ಹಾದಿ ಇದೆ, ಫ್ರಾಂಚೆಸ್ಕೊ ಮೆಸ್ಸೀನಾ ಮಾಡಿದ ಕಂಚಿನ ಶಿಲ್ಪಗಳು. ಮೆಟ್ಟಿಲು ಜಾಸ್ತಿ, ಮಂಡಿ ನೋವಿದ್ದವರಿಗೆ ಆಗುವುದಿಲ್ಲ. ಇನ್ನೂ ಒಂದು ದಿನ ಇದ್ದರೆ ಹತ್ತಿರದ ಮೊಂತೆ ಸಾಂತ್'ಆಂಜೆಲೊಗೆ ಹೋಗಿ. ಸಂತ ಮಿಕೆಲ್ ದೇವದೂತನ ಗುಹಾ ದೇವಾಲಯ, ಸಾವಿರದೈನೂರು ವರ್ಷದ ಯಾತ್ರೆಯ ಜಾಗ, 2011ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅಲ್ಲಿ ಬಾದಾಮಿ, ಜೇನು ತುಂಬಿದ ತೆಳ್ಳಗಿನ ಬಿಳಿ ಬಿಲ್ಲೆಯಂಥ ಸಿಹಿ ಸಿಗುತ್ತದೆ. ಊರಿಗೆ ಒಯ್ಯಲು ಆ ಮೂರ್ತಿಗಳಿಗಿಂತ ಅದು ವಾಸಿ, ಸೂಟ್‌ಕೇಸಿನಲ್ಲಿ ಒಡೆಯುವುದಿಲ್ಲ, ಮನೆಯಲ್ಲಿ ಎಲ್ಲರೂ ತಿನ್ನುತ್ತಾರೆ.

ಯಾವಾಗ ಹೋಗಬೇಕು ಅಂದರೆ ಏಪ್ರಿಲ್, ಮೇ ಅಥವಾ ಅಕ್ಟೋಬರ್. ಸೆಪ್ಟೆಂಬರ್ 23 ಅವರ ಹಬ್ಬ, ಆ ವಾರ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಬಾಡಿಗೆಯೂ ಏರಿರುತ್ತದೆ. ಚಳಿಗಾಲದಲ್ಲಿ ಬೆಟ್ಟದ ಗಾಳಿ ಕೊರೆಯುತ್ತದೆ, ಅರ್ಧ ಅಂಗಡಿ ಬಾಗಿಲು ಹಾಕಿರುತ್ತವೆ. ಅಂಗಡಿ ಮುಚ್ಚಿರುವುದು ಬೇಕು ಅನ್ನುವವರು ಸ್ವೆಟರ್ ಹಾಕಿಕೊಂಡು ಜನವರಿಯಲ್ಲೇ ಹೋಗಿ. ಕಾಣಿಕೆ ಹಾಕುವ ಮನಸ್ಸಿದ್ದರೆ ನೆಲಮಾಳಿಗೆಯ ಪೆಟ್ಟಿಗೆ ಬಿಟ್ಟು ಆಸ್ಪತ್ರೆಯ ಹೆಸರಿಗೆ ಹಾಕಿ, ಆಂಟಿ ಹಾಗೇ ಮಾಡಿದರು, ರಸೀದಿಯನ್ನೂ ಕೇಳಿ ತಗೊಂಡರು.